ಬಣ್ಣದ ಮನೆಯ ಹೊಸ ಮರ್ಯಾದೆ

ಇಪ್ಪತ್ತೆರಡು ವರ್ಷ "ಬಾರೋ ಮೊಯಿನಾ, ಹೋಗೋ ಮೊಯಿನಾ" ಎನ್ನುತ್ತಿದ್ದ ಬಾಯಿ ಆ ಸೋಮವಾರ ಬೆಳಿಗ್ಗೆ "ಬನ್ನಿ ಮೊಯಿನುದ್ದೀನ್, ಕೂತ್ಕೊಳ್ಳಿ" ಎಂದಿತು. ಮೊಯಿನುದ್ದೀನ್ ಹೊಸ್ತಿಲಲ್ಲೇ ನಿಂತುಬಿಟ್ಟ.

ಅವನು ಕೂರಲಿಲ್ಲ. ಯಲಹಂಕ ಹಳೇ ಊರಿನ ಅಂಚಿನಲ್ಲಿದ್ದ ಆ ರೇಷ್ಮೆ ನೂಲಿಗೆ ಬಣ್ಣ ಹಾಕುವ ಮನೆಯಲ್ಲಿ ಇದ್ದದ್ದೇ ಒಂದು ಕುರ್ಚಿ. ಅದರಲ್ಲಿ ಕೂರುತ್ತಿದ್ದವನು ಸಾಹುಕಾರ ಶೇಷಗಿರಿ. ಈಗ ಅದರ ಪಕ್ಕದಲ್ಲಿ ಬೆತ್ತದ ಇನ್ನೊಂದು ಹೊಸ ಕುರ್ಚಿ ಬಂದು ಕೂತಿತ್ತು.

"ನಿಮಗೇ ಅಂತ ತರಿಸಿದ್ದು. ಆಪರೇಷನ್ ಆಗಿರೋ ಮೈ. ಇನ್ಮೇಲೆ ಕೊಪ್ಪರಿಗೆ ಹತ್ರ ಹೋಗೋದ್ ಬೇಡ. ನೂಲಿನ ಲಡಿ ತೂಕ ಹಾಕಿ, ಚೀಟಿ ಕಟ್ಟಿ, ಅಷ್ಟು ಸಾಕು. ಕೂಲಿ ಮೊದ್ಲಿನಷ್ಟೇ."

"ಬಣ್ಣ ಕಲಸೋದು ಯಾರು ಸಾಹುಕಾರ್ರೇ?"

"ನಿಮ್ಮ ಕೈಕೆಳಗಿದ್ದ ಜಮೀರ್ ಇದ್ದಾನಲ್ಲ. ನೀವು ಕೂತ್ಕೊಳ್ಳಿ."

ಮತ್ತೆ 'ನೀವು'. ಮೊಯಿನುದ್ದೀನ್ ಕುರ್ಚಿಯ ತುದಿಯಲ್ಲಿ, ಮೈಯೆಲ್ಲ ಬಿಗಿಹಿಡಿದು ಕೂತ. ನಾಲ್ಕು ತಿಂಗಳ ಮೇಲೆ ಕೆಲಸಕ್ಕೆ ಬಂದವನಿಗೆ ಬೈಗುಳ ಸಿಕ್ಕಿದ್ದರೆ ಸಮಾಧಾನವಾಗುತ್ತಿತ್ತು. 'ಸತ್ತೇ ಹೋದೆ ಅಂದ್ಕೊಂಡಿದ್ದೆ ಕಣೋ, ಹೋಗು, ಒಲೆ ನೋಡು' ಎಂದಿದ್ದರೆ ಅವನು ಪಂಚೆ ಎತ್ತಿ ಕಟ್ಟಿ ಒಳಗೆ ನುಗ್ಗುತ್ತಿದ್ದ.

ಕಾಯಿಲೆ ಶುರುವಾದದ್ದು ಹೋದ ವರ್ಷ, ಎಂಬತ್ಮೂರರ ಮಳೆಗಾಲದಲ್ಲಿ. ಮೂತ್ರ ಕೆಂಪಗೆ ಹೋಯಿತು. ಅವತ್ತು ಕೊಪ್ಪರಿಗೆಯಲ್ಲಿ ಇದ್ದದ್ದೂ ಕುಂಕುಮದ ಬಣ್ಣವೇ. ಕೈಯಿಂದ ಬಟ್ಟೆಗೆ ತಾಗಿರಬೇಕು ಅಂದುಕೊಂಡ. ಮಾರನೆಯ ದಿನ ಹಸಿರು ಹಾಕಿದರು, ಆಮೇಲೆ ಎರಡು ದಿನ ಕಪ್ಪು. ಅವನದು ಮಾತ್ರ ಕೆಂಪಗೇ ಇತ್ತು. ಪೇಟೆಯ ದೊಡ್ಡಾಸ್ಪತ್ರೆಯಲ್ಲಿ ಮೂತ್ರದ ಚೀಲದೊಳಗೆ ಗಡ್ಡೆ, ಕ್ಯಾನ್ಸರು ಎಂದರು. ಹೊಟ್ಟೆ ಕೊಯ್ದು ಅರ್ಧ ಚೀಲವನ್ನೇ ತೆಗೆದುಹಾಕಿದರು. "ನೀರು ಚೆನ್ನಾಗಿ ಕುಡೀರಿ, ಬಂದಾಗ ತಡೀಬೇಡಿ, ಮೂರು ತಿಂಗಳಿಗೊಂದ್ಸಲ ಬಂದು ತೋರಿಸಿ" ಎಂದು ಕಳಿಸಿದರು. ಉಳಿದ ಅರ್ಧ ಚೀಲ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಯಾವುದನ್ನೂ ಹಿಡಿದಿಡುತ್ತಿರಲಿಲ್ಲ. ಆಸ್ಪತ್ರೆಯಿಂದ ಬರುವಾಗ ಬಸ್ಸನ್ನು ಹೆಬ್ಬಾಳದಲ್ಲಿ ಬಿಟ್ಟು, ಕೆರೆ ಏರಿಯ ಕೆಳಗೆ ಇಳಿದು, ಹಿಂದಿನ ಬಸ್ಸಿಗೆ ಕಾಯಬೇಕಾಗಿತ್ತು.

ಆಸ್ಪತ್ರೆಯಲ್ಲಿ ಕೃಷ್ಣವೇಣಿ ಎಂಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಂದು ದಿನ ಅವನ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಬಹಳ ಹೊತ್ತು ಪ್ರಶ್ನೆ ಕೇಳಿದ್ದಳು. ಏನು ಕೆಲಸ, ಎಷ್ಟು ವರ್ಷದಿಂದ, ಪುಡಿ ಕೈಯಲ್ಲೇ ಕಲಸ್ತೀರಾ, ಕೆಮ್ಮು ಬರುತ್ತಾ, ಧಣಿ ಯಾರು, ವಿಳಾಸ ಏನು. ಅವನು ಎಲ್ಲ ಹೇಳಿದ. ವಿಳಾಸ ಯಾಕೆ ಬರೆದುಕೊಂಡಳು ಎಂಬುದು ಅವನ ತಲೆಯಲ್ಲಿ ಮುಳ್ಳಿನಂತೆ ಉಳಿದಿತ್ತು. 'ಇವನು ಇನ್ನು ಕೆಲಸಕ್ಕೆ ಬಾರದವನು' ಎಂದು ಧಣಿಗೆ ಬರೆದರೆ?

ಬಂದ ದಿನವೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಬಣ್ಣದ ಮನೆಯ ಹಿಂದೆ, ಮೊದಲು ಎಲ್ಲರೂ ಬೇಲಿ ಮರೆಗೆ ಹೋಗುತ್ತಿದ್ದ ಕಡೆ, ಇಟ್ಟಿಗೆ ಗೋಡೆ, ತಗಡಿನ ಬಾಗಿಲು, ಒಳಚಿಲಕ, ನಲ್ಲಿ ಇರುವ ಕಕ್ಕಸು ಎದ್ದು ನಿಂತಿತ್ತು. "ನಿಮ್ಮ ಅನುಕೂಲಕ್ಕೆ" ಎಂದ ಶೇಷಗಿರಿ.

ಸಂಜೆ ಮನೆಯಲ್ಲಿ ಇದನ್ನೆಲ್ಲ ಕೇಳಿದ ಹೆಂಡತಿ ಬದರುನ್ನೀಸಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮನೆಯಲ್ಲಿ ಅವರ ಮಾತು ದಖನಿ ಉರ್ದು.

"ಅಲ್ಲಾ ಅವರನ್ನ ಚೆನ್ನಾಗಿಟ್ಟಿರಲಿ. ಇಷ್ಟೆಲ್ಲ ಯಾರು ಮಾಡ್ತಾರೆ?"

"ಅದೇ ನಾನೂ ಕೇಳ್ತಿರೋದು" ಎಂದ ಮೊಯಿನುದ್ದೀನ್. "ಯಾರು ಮಾಡ್ತಾರೆ? ಹೋದ ವರ್ಷ ಜಮೀರನ ಕೈ ಸುಟ್ಟಾಗ ಅರ್ಧ ದಿನ ರಜಾ ಕೊಡದೇ ಇದ್ದ ಮನುಷ್ಯ ಅವನು."

"ಒಳ್ಳೇದಾದ್ರೂ ಅನುಮಾನ ನಿಮಗೆ."

"ಬಕ್ರೀದ್ ಮುಂಚೆ ಕುರೀಗೂ ಒಳ್ಳೇದೇ ಆಗುತ್ತೆ."

ವಾರ ಕಳೆಯುವಷ್ಟರಲ್ಲಿ ಅನುಮಾನಕ್ಕೆ ಕೈಕಾಲು ಬಂತು. ಅವನು ಕಕ್ಕಸಿಗೆ ಎದ್ದಾಗಲೆಲ್ಲ ಶೇಷಗಿರಿ ಪತ್ರಿಕೆಯಿಂದ ತಲೆ ಎತ್ತುತ್ತಿದ್ದ. ವಾಪಸು ಬಂದಾಗ ಗೋಡೆಯ ಗಡಿಯಾರ ನೋಡುತ್ತಿದ್ದ. ಒಂದೆರಡು ಸಲ ಇವನು ಹೊರಗೆ ಬಂದ ಕೂಡಲೇ ಅವನೇ ಒಳಗೆ ಹೋಗಿ ಚಿಲಕ ಹಾಕಿಕೊಂಡು ಬಹಳ ಹೊತ್ತು ಇದ್ದ. ಏನು ಹುಡುಕುತ್ತಾನೆ ಅಲ್ಲಿ?

ಲಡಿ ತೊಳೆಯುವ ಗೋಪಾಲಮ್ಮ ಒಂದು ಮಧ್ಯಾಹ್ನ ಎಲೆ ಅಡಿಕೆ ಹಾಕಿಕೊಳ್ಳುತ್ತ ಹತ್ತಿರ ಬಂದು ಕೂತಳು. ಹದಿನೈದು ವರ್ಷದಿಂದ ಅಲ್ಲೇ ಇದ್ದವಳು ಅವಳು.

"ಮೊಯಿನಣ್ಣ, ಒಂದ್ ಮಾತು. ಸಾಹುಕಾರ್ರು ನನ್ ಕೇಳಿದ್ರು, ಮೊಯಿನುದ್ದೀನ್ ದಿನಕ್ಕೆ ಎಷ್ಟ್ ಸಲ ಹೋಗ್ತಾರೆ, ಬಂದಾಗ ಮುಖ ಹೆಂಗಿರ್ತದೆ, ನೋವು ತಿಂತಾರಾ ಅಂತ."

"ನೀನೇನ್ ಹೇಳ್ದೆ?"

"ನಾನ್ಯಾಕ್ ಎಣಿಸ್ಲಿ, ನಂಗೇನ್ ಬೇರೆ ಕೆಲ್ಸ ಇಲ್ವಾ ಅಂದೆ."

ಮೊಯಿನುದ್ದೀನನಿಗೆ ಎಲ್ಲ ತಿಳಿಯಾಯಿತು ಅನ್ನಿಸಿತು. ಲೆಕ್ಕ ಇಡುತ್ತಿದ್ದಾನೆ. ನಾಳೆ ಯಾರಾದರೂ ಕೇಳಿದರೆ 'ಕುರ್ಚಿ ಹಾಕಿಕೊಟ್ಟೆ, ಕಕ್ಕಸು ಕಟ್ಟಿಸಿದೆ, ದಿನಕ್ಕೆ ಹದಿನೆಂಟು ಸಲ ಎದ್ದು ಹೋಗ್ತಾನೆ, ಏನ್ ಮಾಡ್ಲಿ' ಎಂದು ಕೈ ತೊಳೆದುಕೊಳ್ಳಬಹುದು. ಪಿಯುಸಿ ಓದುತ್ತಿರುವ ಮಗಳು ಮಲ್ಕಾಳ ಮುಖ ಕಣ್ಣ ಮುಂದೆ ಬಂತು. ಅವತ್ತಿನಿಂದ ಅವನು ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದನ್ನು ಬಿಟ್ಟ. ಹತ್ತು ಗಂಟೆಯ ಟೀ ಬಿಟ್ಟ. ಊಟಕ್ಕೆ ಬರೀ ಚಪಾತಿ ತಂದ, ಸಾರು ಬೇಡವೆಂದ. ಬಂದರೂ ತೊಡೆ ಬಿಗಿಹಿಡಿದು ಕೂತ. ನಾಲ್ಕನೆಯ ದಿನಕ್ಕೆ ಉರಿ ಶುರುವಾಯಿತು. ಕುರ್ಚಿಯ ಕೈ ಹಿಡಿದು ಹಲ್ಲು ಕಚ್ಚಿದ. ಆದರೂ ದಿನಕ್ಕೆ ಆರೇ ಸಲ ಎದ್ದ. ಎಣಿಸಿಕೊಳ್ಳಲಿ.

ಶೇಷಗಿರಿ ಅದನ್ನೂ ಗಮನಿಸಿದ. "ಯಾಕ್ರೀ, ನೀರು ಕುಡೀತಾ ಇಲ್ಲ? ಕುಡೀಬೇಕು ಅಂತ ಡಾಕ್ಟ್ರು ಹೇಳಿಲ್ವಾ?"

"ನಿಮಗ್ಯಾರು ಹೇಳಿದ್ರು, ಡಾಕ್ಟ್ರು ಹಂಗಂದ್ರು ಅಂತ?"

ಶೇಷಗಿರಿ ಕನ್ನಡಕ ತೆಗೆದು ಒರೆಸಿಕೊಂಡ.

ಅದಾದ ಎರಡು ದಿನಕ್ಕೆ ಶೇಷಗಿರಿ ನೂಲು ನೋಡಲು ದೊಡ್ಡಬಳ್ಳಾಪುರಕ್ಕೆ ಹೋಗಿದ್ದಾಗ ಲಡಿಗೆ ಕಟ್ಟುವ ಚೀಟಿಗಳು ಮುಗಿದವು. ಮುಗಿದರೆ ಮೇಜಿನ ಖಾನೆಯಲ್ಲಿ ತಗೊಳ್ಳಿ ಎಂದು ಅವನೇ ಹೇಳಿದ್ದ. ಖಾನೆ ಎಳೆದಾಗ ಚೀಟಿಯ ಕಟ್ಟಿನ ಅಡಿಯಲ್ಲಿ ಒಂದು ಕಂದು ಲಕೋಟೆ ಕಂಡಿತು. ಅದರ ಮೂಲೆಯಲ್ಲಿದ್ದ ಮುದ್ರೆಯನ್ನು ಮೊಯಿನುದ್ದೀನ್ ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದ. ಜೇಬಿನಲ್ಲಿಟ್ಟುಕೊಂಡು ತಿರುಗುವ ಆಸ್ಪತ್ರೆಯ ಚೀಟಿಯ ಮೇಲೂ ಅದೇ ಮುದ್ರೆ ಇತ್ತು. ಒಳಗೆ ಟೈಪು ಮಾಡಿದ ಎರಡು ಹಾಳೆ, ಇಂಗ್ಲಿಷು. ಓದಲು ಬಾರದಿದ್ದರೂ ತನ್ನ ಹೆಸರಿನ ಅಕ್ಷರಗಳು ಎಲ್ಲಿವೆ ಎಂಬುದು ಗೊತ್ತಾಯಿತು.

ಅವನು ಕಾಗದವನ್ನು ಅಂಗಿಯೊಳಗೆ ಸೇರಿಸಿದ. ಕಳ್ಳತನ ಅದು, ಜೀವನದಲ್ಲಿ ಮೊದಲ ಸಲ.

ಮನೆಯಲ್ಲಿ ಮಲ್ಕಾ ಅದನ್ನು ಮೊದಲು ತನ್ನೊಳಗೇ ಓದಿಕೊಂಡಳು. ಅವಳ ತುಟಿ ಅಲುಗುವುದನ್ನೇ ಅವನು ನೋಡುತ್ತಿದ್ದ.

"ನನ್ನ ತೆಗೆದುಹಾಕು ಅಂತ ಬರ್ದಿದ್ದಾರಾ?"

"ಇಲ್ಲ ಅಬ್ಬಾ. ಇದು ನಿಮ್ಮ ಬಗ್ಗೆ ಅಷ್ಟೇ ಅಲ್ಲ." ಅವಳು ನಿಧಾನವಾಗಿ ಅರ್ಥ ಹೇಳಿದಳು. "ಡಾಕ್ಟರ್ ಕೃಷ್ಣವೇಣಿ ಬರ್ದಿರೋದು. ಕೆಲವು ಬಣ್ಣದ ಪುಡಿಯಿಂದ, ಅದರಲ್ಲೂ ಕಪ್ಪು ಪುಡಿಯಿಂದ, ವರ್ಷಗಟ್ಟಲೆ ಕಲಸಿದೋರಿಗೆ ಈ ಕಾಯಿಲೆ ಬರುತ್ತಂತೆ. ಪುಡಿ ಉಸಿರಲ್ಲಿ, ಬಾಯಲ್ಲಿ ಒಳಗೆ ಹೋಗುತ್ತಂತೆ. ಆ ಡಬ್ಬಗಳ ಮೇಲಿನ ಹೆಸರು ಬರ್ದು ಕಳಿಸಿ, ಅವನ್ನ ಬಳಸೋದು ನಿಲ್ಲಿಸಿ, ಅಲ್ಲಿ ಕೆಲಸ ಮಾಡೋರನ್ನೆಲ್ಲ ಒಂದ್ಸಲ ಕಳಿಸಿಕೊಡಿ, ಮೂತ್ರ ಪರೀಕ್ಷೆ ಮಾಡ್ತೀವಿ ಅಂತ ಕೇಳಿದ್ದಾರೆ. ಯಾರಿಗಾದ್ರೂ ರಕ್ತ ಹೋಗ್ತಿದ್ರೆ ಒಂದು ದಿನಾನೂ ತಡ ಮಾಡ್ಬೇಡಿ ಅಂತ ಕೆಳಗೆ ಗೆರೆ ಎಳೆದಿದ್ದಾರೆ."

"ಯಾವತ್ತಿನ ಕಾಗದ?"

"ಡಿಸೆಂಬರ್ ಹನ್ನೆರಡು."

ಆಗಲೇ ಫೆಬ್ರವರಿ ಮುಗಿಯುತ್ತ ಬಂದಿತ್ತು. ಕುರ್ಚಿ, ಕಕ್ಕಸು, 'ನೀವು', ಎಲ್ಲವೂ ಈಗ ಒಂದೇ ದಾರದಲ್ಲಿ ಪೋಣಿಸಿಕೊಂಡವು. ಬಾಯಿ ಮುಚ್ಚಿಸುವುದಕ್ಕೆ ಕೊಟ್ಟ ಮರ್ಯಾದೆ ಅದು. ಆ ಎರಡೂವರೆ ತಿಂಗಳು ಜಮೀರ್ ಬರಿಗೈಯಲ್ಲಿ ಕಪ್ಪು ಕಲಸುತ್ತಲೇ ಇದ್ದ. ಬದರುನ್ನೀಸಾ ತಟ್ಟೆಗೆ ಹಾಕಿದ ಅನ್ನವನ್ನು ಅವನು ಮುಟ್ಟಲಿಲ್ಲ.

ಮಾರನೆಯ ದಿನ ಅವನು ಎಂದಿಗಿಂತ ಮುಂಚೆಯೇ ಹೋಗಿ ನೇರ ದಾಸ್ತಾನಿನ ಮೂಲೆಗೆ ನಡೆದ. ಕಪ್ಪು ಪುಡಿಯ ಡಬ್ಬಗಳ ಮೇಲಿದ್ದ ಕಾಗದವನ್ನು ಯಾರೋ ಕೆರೆದು ತೆಗೆದಿದ್ದರು. ತಗಡಿನ ಮೇಲೆ ಅಂಟಿನ ಕಲೆ ಮಾತ್ರ ಉಳಿದಿತ್ತು.

"ಯಾರ್ ಕೆರೆದಿದ್ದು ಇದನ್ನ?"

"ಸಾಹುಕಾರ್ರೇ ಕೂತ್ಕೊಂಡು ಕೆರೆದ್ರು ಚಾಚಾ" ಎಂದ ಜಮೀರ್, ಒಲೆಗೆ ಸೌದೆ ತುಂಬುತ್ತ. "ನಾನು ಚಾಕು ಕೊಟ್ಟೆ."

ಶೇಷಗಿರಿ ಬಂದು ಕೂರುವವರೆಗೂ ಮೊಯಿನುದ್ದೀನ್ ನಿಂತೇ ಇದ್ದ. ಬಂದ ಮೇಲೆ ಕಾಗದವನ್ನು ಅವನ ಮುಂದೆ ಮೇಜಿನ ಮೇಲೆ ಇಟ್ಟ. ಶೇಷಗಿರಿ ಅದನ್ನು ನೋಡಿದ, ಖಾನೆಯನ್ನು ನೋಡಿದ. ಎದ್ದು ಹೋಗಿ ನಡುಬಾಗಿಲು ಹಾಕಿ ಬಂದ. ಬೈಯುತ್ತಾನೆ, ಇಲ್ಲವೇ ಬೇಡಿಕೊಳ್ಳುತ್ತಾನೆ ಎಂದು ಮೊಯಿನುದ್ದೀನ್ ಎರಡಕ್ಕೂ ತಯಾರಾಗಿದ್ದ.

"ಮೊದಲ್ನೇ ಸಲ ರಕ್ತ ಬಂದಾಗ ನಿಂಗೆ ನೋವಿತ್ತಾ?" ಎಂದು ಕೇಳಿದ ಶೇಷಗಿರಿ.

"ಏನು?"

"ನೋವಿತ್ತಾ ಅಂತ."

"ಇರ್ಲಿಲ್ಲ."

"ನಂಗೂ ಇಲ್ಲ." ಶೇಷಗಿರಿ ಕೂತ. ಬೆಳಗಿನ ಬಿಸಿಲು ಬಿದ್ದ ಮುಖ ಹಳೇ ಲಡಿಯ ಹಾಗೆ ಬಿಳಿಚಿಕೊಂಡಿತ್ತು. "ದೀಪಾವಳಿ ದಿನ ಎಣ್ಣೆ ನೀರು ಹಾಕ್ಕೊಂಡು ಬಂದೆ, ರಕ್ತ ಹೋಯ್ತು. ಆಮೇಲೆ ನಿಂತಿತು. ಸಂಕ್ರಾಂತಿ ಆದ್ಮೇಲೆ ದಿನಾ. ಈ ಕಾಗದ ಬಂದಾಗ ನಂಗಾಗ್ಲೇ ಶುರುವಾಗಿತ್ತು ಕಣೋ."

ಮೊಯಿನುದ್ದೀನನಿಗೆ ಮೊದಲು ಅನ್ನಿಸಿದ್ದು ಹೇಳಿಕೊಳ್ಳುವಂಥದ್ದಲ್ಲ. ಒಳಗೆಲ್ಲೋ ತಣ್ಣಗಾಯಿತು: ಆಗಲಿ, ಇವನಿಗೂ ಆಗಲಿ. ಮರುಕ್ಷಣ ಅದರ ಬಗ್ಗೆಯೇ ಹೆದರಿಕೆಯಾಗಿ 'ತೌಬಾ, ತಪ್ಪಾಯ್ತು' ಎಂದುಕೊಂಡ.

ಇವರಿಬ್ಬರೂ ಹೆಚ್ಚು ಕಡಿಮೆ ಒಂದೇ ವಯಸ್ಸಿನವರು. ಶೇಷಗಿರಿಯ ಅಪ್ಪ ಬದುಕಿದ್ದಾಗ ಮಗನನ್ನೂ ಕೂಲಿಯವನನ್ನೂ ಒಂದೇ ಕೊಪ್ಪರಿಗೆಗೆ ನಿಲ್ಲಿಸಿ ಕೆಲಸ ಕಲಿಸಿದ್ದ. ಹದ ಬಂದಿದೆಯಾ ಎಂದು ತಿಳಿಯಲು ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡು ಎಂದು ಇಬ್ಬರಿಗೂ ಹೇಳಿಕೊಟ್ಟಿದ್ದ. ಹತ್ತು ವರ್ಷ ಇಬ್ಬರೂ ಹಾಗೇ ನೋಡಿದ್ದರು.

"ಎಷ್ಟ್ ಸಲ ಹೋಗ್ತೀನಿ ಅಂತ ಎಣಿಸ್ತಿದ್ದಿದ್ದು..."

"ಕೊಯ್ಸ್ಕೊಂಡ್ ಮೇಲೆ ಮನುಷ್ಯ ಹೆಂಗೆ ಬದುಕ್ತಾನೆ ಅಂತ ನೋಡ್ಬೇಕಾಗಿತ್ತು. ಕೇಳೋಕೆ ಬಾಯಿ ಬರ್ಲಿಲ್ಲ. ಹೆಂಡ್ತಿಗೂ ಹೇಳಿಲ್ಲ. ಮನೇಲಿ ಹೋದ್ರೆ ಕಾಣುತ್ತೆ ಅಂತ ಇಲ್ಲಿ ಕಕ್ಕಸು ಕಟ್ಟಿಸ್ದೆ." ಶೇಷಗಿರಿ ತಲೆ ತಗ್ಗಿಸಿದ. "ನೀನು ನೀರು ಬಿಟ್ಟು ಒದ್ದಾಡಿದ್ದು ನೋಡಿ, ಇಷ್ಟು ಕಷ್ಟ ಇದ್ರೆ ಆಪರೇಷನ್ನೇ ಬೇಡ ಅಂದ್ಕೊಂಡೆ."

"ನಾನು ನೀರು ಬಿಟ್ಟಿದ್ದು ನಿಮ್ಮ ಹೆದರಿಕೆಗೆ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಗು ಬರುವಂಥ ಮಾತು ಅದು; ಯಾರೂ ನಗಲಿಲ್ಲ.

"ಅದೆಲ್ಲ ಇರ್ಲಿ" ಎಂದ ಮೊಯಿನುದ್ದೀನ್. "ನಿಮ್ಮ ಜೀವ ನಿಮ್ಮದು, ಮುಚ್ಚಿಟ್ಕೊಳ್ಳಿ. ಜಮೀರ್‌ಗೆ ಯಾಕೆ ಹೇಳ್ಲಿಲ್ಲ? ಗೋಪಾಲಮ್ಮಂಗೆ ಯಾಕೆ ಹೇಳ್ಲಿಲ್ಲ? ಡಬ್ಬದ ಕಾಗದ ಯಾಕೆ ಕೆರೆದ್ರಿ?"

"ಹೇಳಿದ್ರೆ ನಾಳೆಯಿಂದ ಒಳಗೆ ಕಾಲಿಡೋರು ಯಾರೋ? ಮದ್ವೆ ಸೀಸನ್ನು, ಸೀರೆಯೋರೆಲ್ಲ ಕಪ್ಪಂಚೇ ಕೇಳ್ತಿದ್ದಾರೆ."

"ಜಮೀರ್‌ಗೆ ಮೂವತ್ತೊಂದು ವರ್ಷ, ಸಾಹುಕಾರ್ರೇ."

ಮೊಯಿನುದ್ದೀನ್ ಕಾಗದ ಎತ್ತಿಕೊಂಡು ಬಾಗಿಲು ತೆಗೆದು ಒಳಗೆ ನಡೆದ. ಕೊಪ್ಪರಿಗೆ ಆಗಲೇ ಕುದಿಯುತ್ತಿತ್ತು. ಜಮೀರ್ ಕಪ್ಪು ಪುಡಿಯನ್ನು ಬೋಗುಣಿಗೆ ಸುರಿದು ಕೈ ಅದ್ದಲಿದ್ದ.

"ಕೈ ತೆಗಿ" ಎಂದ ಮೊಯಿನುದ್ದೀನ್. "ತೆಗಿ ಕೈ ಅಂದೆ!"

ಜಮೀರ್ ಬೆಚ್ಚಿಬಿದ್ದು ಹಿಂದೆ ಸರಿದ. ಮೊಯಿನುದ್ದೀನ್ ಅಲ್ಲೇ ನಿಂತು ಕಾಗದದಲ್ಲಿದ್ದದ್ದನ್ನೆಲ್ಲ ಗೋಪಾಲಮ್ಮನಿಗೂ ಕೇಳುವ ಹಾಗೆ ಕನ್ನಡದಲ್ಲೇ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಜಮೀರನ ಮುಖದಲ್ಲಿ ಒಂದು ವಕ್ರ ನಗೆ ಬಂದಿತ್ತು.

"ನಿಮ್ಮ ಜಾಗ ನಂಗೆ ಸಿಕ್ತು ಅಂತ ಹೊಟ್ಟೆ ಉರೀತಾ ಇದೆಯಾ ಚಾಚಾ? ಬಂದ ದಿನದಿಂದ ನೋಡ್ತಾ ಇದ್ದೀನಿ, ಕುರ್ಚೀಲಿ ಕೂತ್ಕೊಂಡು ಕೊಪ್ಪರಿಗೇನೇ ದಿಟ್ಟಿಸ್ತಿರ್ತೀರಾ. ಪುಡಿಯಿಂದ ಕ್ಯಾನ್ಸರಾ? ನಿಮ್ಮ ಬೀಡಿಯಿಂದ ಬಂದಿರ್ಬೇಕು."

ಇಷ್ಟು ದಿನ ಅನುಮಾನ ಪಟ್ಟವನು ಮೊಯಿನುದ್ದೀನ್. ತನ್ನ ಮೇಲೆಯೇ ಅದು ತಿರುಗಿ ನಿಂತರೆ ಹೇಗಿರುತ್ತದೆ ಎಂಬುದು ಈಗ ಗೊತ್ತಾಯಿತು. ಕಾಗದ ಚಾಚಿದ. ಅದು ಜಮೀರನಿಗೂ ಓದಲು ಬಾರದ ಭಾಷೆ.

"ಅವನು ಹೇಳ್ತಿರೋದು ನಿಜ ಜಮೀರ್."

ನಡುಬಾಗಿಲಲ್ಲಿ ಶೇಷಗಿರಿ ನಿಂತಿದ್ದ. ಒಂದು ಕೈ ಬಾಗಿಲುಚೌಕಟ್ಟಿನ ಮೇಲಿತ್ತು. "ಕಾಗದ ಬಂದು ಎರಡೂವರೆ ತಿಂಗಳಾಯ್ತು. ನಾನೇ ಮುಚ್ಚಿಟ್ಟಿದ್ದೆ. ನಂಗೂ ಬಂದಿದೆ, ಅದೇ ಕಾಯ್ಲೆ."

ಗೋಪಾಲಮ್ಮ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು, ಸಾಹುಕಾರನ ಮುಖಕ್ಕೇ, "ನೀವ್ ಮನುಷ್ಯರೇನ್ರೀ?" ಎಂದಳು. ಅವನು "ಅಲ್ಲ" ಎಂದ. ಜಮೀರ್ ತೊಟ್ಟಿಯ ಹತ್ತಿರ ಹೋಗಿ ಸೋಪು ಹಾಕಿ ಕೈ ಉಜ್ಜತೊಡಗಿದ. ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಅವನು ಉಜ್ಜುತ್ತಲೇ ಇದ್ದ. ಕೊನೆಗೆ ಗೋಪಾಲಮ್ಮನೇ ಹೋಗಿ ಒಲೆಗೆ ನೀರು ಸುರಿದಳು.

ಆ ಗುರುವಾರ ಆಸ್ಪತ್ರೆಗೆ ಹೋಗಲು ನಾಲ್ವರೂ ಒಂದೇ ಬಸ್ಸು ಹತ್ತಿದರು. ಹೆಬ್ಬಾಳದಲ್ಲಿ ಮೊಯಿನುದ್ದೀನ್ ಇಳಿದಾಗ ಶೇಷಗಿರಿಯೂ ಇಳಿದ. ಜಮೀರನಿಗೂ ಗೋಪಾಲಮ್ಮನಿಗೂ ಏನೂ ಇಲ್ಲವೆಂದು, ಆರು ತಿಂಗಳಿಗೊಮ್ಮೆ ಬರಬೇಕೆಂದು ಹೇಳಿದರು. ಶೇಷಗಿರಿಯದು ತಡವಾಗಿತ್ತು. ಗಡ್ಡೆ ಗೋಡೆ ದಾಟಿತ್ತು. ಆಪರೇಷನ್ ಮಾಡಿದರು, ರೇಡಿಯೇಷನ್ ಕರೆಂಟು ಕೊಟ್ಟರು. ದೀಪಾವಳಿಯಲ್ಲೇ ಬಂದಿದ್ದರೆ ಎಂದು ಡಾಕ್ಟರಮ್ಮ ಅರ್ಧಕ್ಕೆ ನಿಲ್ಲಿಸಿದಳು. ಮೊಯಿನುದ್ದೀನ್ ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಿ ಮಂಚದ ಪಕ್ಕ ಕೂತು ಬರುತ್ತಿದ್ದ. ಕ್ಷಮಿಸಿದ್ದನೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. "ಮೊದಲ ಹದಿನೈದು ದಿನ ಕಷ್ಟ, ಆಮೇಲೆ ಅಭ್ಯಾಸ ಆಗುತ್ತೆ" ಎಂದು ಹೇಳುತ್ತಿದ್ದ. ಶೇಷಗಿರಿ ಅದನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದ. ಮಾರನೆಯ ವರ್ಷದ ಯುಗಾದಿಗೆ ಹದಿನೈದು ದಿನ ಇರುವಾಗ ಅವನು ತೀರಿಕೊಂಡ.

ಕಪ್ಪು ಪುಡಿಯ ಒಂದು ಡಬ್ಬವನ್ನು ಪರೀಕ್ಷೆಗೆಂದು ಆಸ್ಪತ್ರೆಗೆ ಕೊಟ್ಟಿದ್ದರು. ಉಳಿದ ಒಂಬತ್ತನ್ನು ಶೇಷಗಿರಿ ಇರುವಾಗಲೇ ಹಿಂದಿನ ಕೋಣೆಯಲ್ಲಿಟ್ಟು ಬೀಗ ಹಾಕಿಸಿದ್ದ. ಅವನ ತಮ್ಮ ಸುಬ್ರಹ್ಮಣ್ಯ ವ್ಯವಹಾರ ವಹಿಸಿಕೊಂಡ. ಒಳ್ಳೆಯವನೇ, ಪುಡಿ ಕಲಸಲು ಕೈಗವಸು ತರಿಸಿದ, ಮೂಗಿಗೆ ಬಟ್ಟೆ ಕಟ್ಟಿಸಿದ, ಕಪ್ಪಿಗೆ ಬೇರೆ ಪುಡಿ ತಂದ. ಆದರೂ ಹೊಸ ಡಬ್ಬ ಬಂದಾಗಲೆಲ್ಲ ಮೊಯಿನುದ್ದೀನ್ ಮೇಲಿನ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಡಾಕ್ಟರಮ್ಮನಿಗೆ ತೋರಿಸಿ ಬರುವವರೆಗೆ ಯಾರಿಗೂ ಮುಚ್ಚಳ ತೆಗೆಯಲು ಬಿಡುತ್ತಿರಲಿಲ್ಲ. ಬೇಸಿಗೆಯಲ್ಲಿ ಒಂದು ದಿನ ನೋಡಿದರೆ ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಏನೂ ಇರಲಿಲ್ಲ.

"ಸುಮ್ನೆ ಕೂತಿತ್ತಲ್ರೀ" ಎಂದ ಸುಬ್ರಹ್ಮಣ್ಯ. "ರಾಜಾನುಕುಂಟೆ ಕಡೆಯೋರು ಕೇಳಿದ್ರು, ಕೊಟ್ಟೆ. ನಾವಂತೂ ಬಳಸ್ತಾ ಇಲ್ವಲ್ಲ."

ಮೊಯಿನುದ್ದೀನ್ ಅವನೊಂದಿಗೆ ವಾದಕ್ಕೆ ನಿಲ್ಲಲಿಲ್ಲ. ಆ ಮನೆಯ ಗುರುತು ಕೇಳಿಕೊಂಡು, ಕಾಗದದ ಎರಡು ಹಾಳೆ ಜೇಬಿಗಿಟ್ಟು, ದೊಡ್ಡಬಳ್ಳಾಪುರ ರಸ್ತೆಯ ಬಸ್ಸು ಹಿಡಿದ. ರಾಜಾನುಕುಂಟೆಯಲ್ಲಿ ಇಳಿದು, ರಾಗಿ ಹೊಲದ ಬದುವಿನ ಮೇಲೆ ಸ್ವಲ್ಪ ದೂರ ನಡೆದ ಮೇಲೆ ಹೆಂಚಿನ ಒಂದು ಮನೆಯ ಮುಂದೆ ಹಗ್ಗದ ಮೇಲೆ ಲಡಿಗಳು ಒಣಗುತ್ತಿದ್ದವು. ಎಲ್ಲ ಕಪ್ಪು. ಲಡಿ ತಿರುವಿ ಹಾಕುತ್ತಿದ್ದ ಹೆಂಗಸಿನ ಕೈ ಮೊಣಕೈವರೆಗೂ ಅದೇ ಬಣ್ಣ. ಹೆಸರು ಸೊಣ್ಣಮ್ಮ ಎಂದಳು. ಅವನ ಮಾತನ್ನು ನಿಂತುಕೊಂಡೇ ಕೇಳಿದಳು, ಕೂತ್ಕೋ ಎನ್ನಲಿಲ್ಲ.

"ಯಾರ್ ಕಳ್ಸಿದ್ರು ನಿನ್ನ?" ಎಂದಳು. "ಕಡ್ಮೆ ದುಡ್ಡಿಗ್ ಕೊಟ್ಬುಟ್ವಿ ಅಂತ ಈಗ ವಾಪಸ್ ಬೇಕಾ ನಿಮ್ಗೆ? ಇಂಗೆಲ್ಲ ಎದರ್ಸಿದ್ರೆ ಕೊಟ್ಬುಡ್ತೀವಾ?"

"ಯಾರೂ ಕಳಿಸ್ಲಿಲ್ಲ ತಾಯಿ. ವಾಪಸ್ಸೂ ಬೇಡ." ಅವನು ಅಂಗಿ ಎತ್ತಿ, ಹೊಕ್ಕುಳಿಂದ ಕೆಳಗೆ ಇಳಿದ ಹೊಲಿಗೆಯ ಗುರುತು ತೋರಿಸಿದ. ಪರ ಹೆಂಗಸಿನ ಮುಂದೆ ಹಾಗೆ ನಿಲ್ಲುವ ದಿನ ಬರುತ್ತದೆಂದು ಅವನು ನೆನೆಸಿರಲಿಲ್ಲ. "ಇದು ನಂಗೆ ಆ ಪುಡಿ ಕೊಟ್ಟಿದ್ದು. ಇಪ್ಪತ್ತೆರಡು ವರ್ಷ ಕಲಸ್ದೆ."

ಸೊಣ್ಣಮ್ಮ ಆ ಗುರುತನ್ನು ನೋಡಿದಳು, ಅವನ ಮುಖ ನೋಡಿದಳು. ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಕೈಯಲ್ಲಿದ್ದ ಲಡಿಯನ್ನು ಮಾತ್ರ ಹಗ್ಗದ ಮೇಲೆ ಹಾಕಲಿಲ್ಲ.

"ಮೊದ್ಲು ಎಂಗಾಗ್ತದೆ?" ಎಂದು ಕೇಳಿದಳು, ದನಿ ತಗ್ಗಿಸಿ. "ಉಚ್ಚೆ ಕೆಂಪಾಯ್ತದಾ?"

"ಹೌದು. ನೋವಿರಲ್ಲ."

ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಮನೆಯ ಕಡೆಗೆ ತಿರುಗಿ ಗಂಡನನ್ನು ಕೂಗಿದಳು.

"ಏನ್ರೀ, ಆ ಪುಡಿ ಅಲ್ಲೇ ಬುಟ್ಟು ಒಸಿ ಈಚೆಗ್ ಬರ್ರಿ."